ತಂತಿ ಮುಂದೆ ಹೋಯಿತು, ಓಣಿ ಕತ್ತಲಲ್ಲೇ ಉಳಿಯಿತು

ಗಂಗಾವತಿಯ ಗುಜರಿ ಅಂಗಡಿಯೊಂದರಲ್ಲಿ, ಅಕ್ಕಿ ಗಿರಣಿಯಿಂದ ಬಂದ ಹರಿದ ಜರಡಿ, ಒಡೆದ ಪುಲ್ಲಿಗಳ ರಾಶಿಯ ಕೆಳಗೆ ಅದು ಬೋರಲಾಗಿ ಬಿದ್ದಿತ್ತು. ಎತ್ತಿ ತಿರುಗಿಸಿದೆ. ಹೊರಮೈ ಕಡುಹಸಿರು, ಒಳಮೈ ಹಾಲಿನಂಥ ಬಿಳುಪು. ಪಿಂಗಾಣಿ ಲೇಪ ಕೊಟ್ಟ ತಗಡಿನ ಛತ್ರಿ, ಬೀದಿ ದೀಪದ ಟೊಪ್ಪಿಗೆ. ಚಿಕ್ಕಂದಿನಲ್ಲಿ ಕನಕಗಿರಿಯ ನಮ್ಮ ಓಣಿಯ ತಿರುವಿನಲ್ಲಿದ್ದ ಕಂಬಕ್ಕೂ ಇಂಥದ್ದೇ ಇತ್ತು. ಮೊದಲ ಮಳೆ ಬಿದ್ದ ರಾತ್ರಿ ಅದರ ಕೆಳಗೆ ರೆಕ್ಕೆಹುಳ ಮುತ್ತುತ್ತಿದ್ದವು, ಬೆಳಗ್ಗೆ ಎದ್ದರೆ ಕಂಬದ ಬುಡದಲ್ಲಿ ಬರೀ ರೆಕ್ಕೆ.

“ಇದನ್ನ ಒಯ್ದು ಏನ್ ಮಾಡ್ತೀರ್ರಿ? ತೂಕಕ್ಕೂ ಬರಂಗಿಲ್ಲ” ಅಂದರು ಅಂಗಡಿಯವರು. ತಗಡಿನ ದರಕ್ಕೇ ಕೊಟ್ಟರು. ಹಳೆಯ ಬೀದಿ ದೀಪಗಳ ಹಿಂದೆ ನಾನು ಬಿದ್ದದ್ದು ಹೀಗೆ.

ಈ ವಿಷಯ ಎತ್ತಿದ ಕೂಡಲೇ ಎದುರಾಗುವ ಮಾತೊಂದಿದೆ. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ಹೊತ್ತಿದ ವಿದ್ಯುತ್ ಬೀದಿ ದೀಪವೇ ಏಷ್ಯಾದಲ್ಲಿ ಮೊದಲನೆಯದು ಎಂಬುದು. ದಿನಾಂಕ ಸರಿ, ಹೆಗ್ಗಳಿಕೆ ತಪ್ಪು. ಶಾಂಘೈ ಮತ್ತು ಟೋಕಿಯೊದ ಬೀದಿಗಳಲ್ಲಿ 1882ರಲ್ಲೇ ವಿದ್ಯುತ್ ದೀಪ ಉರಿದಿತ್ತು. ನಮ್ಮ ದೇಶದಲ್ಲೇ ಡಾರ್ಜಿಲಿಂಗ್ ಊರು ತನ್ನ ಬೀದಿ ಬೆಳಗಿಸಲೆಂದೇ ಸಿದ್ರಾಪೋಂಗ್‌ನ ತೊರೆಗೆ ಪುಟ್ಟ ಜಲವಿದ್ಯುತ್ ಕೇಂದ್ರ ಕಟ್ಟಿಕೊಂಡಿತ್ತು, ಅದೂ 1897ರಲ್ಲಿ. ಸಿಕ್ಕಿದ್ದು ಬರೀ 130 ಕಿಲೋವ್ಯಾಟ್. ಸುಳ್ಳು ಹೆಗ್ಗಳಿಕೆಯ ಮೇಲೆ ನನಗೆ ಸಿಟ್ಟಿದೆ, ಏಕೆಂದರೆ ಅದರ ಅಡಿಯಲ್ಲಿ ಅದಕ್ಕಿಂತ ದೊಡ್ಡ ಕಥೆಯೊಂದು ಹೂತುಹೋಗಿದೆ.

ಆ ಕಥೆ ಶುರುವಾಗುವುದು ಶಿವನಸಮುದ್ರದಲ್ಲಿ. ಕಾವೇರಿ ಅಲ್ಲಿ ಧುಮುಕುವ ರಭಸದಿಂದ ವಿದ್ಯುತ್ ತೆಗೆಯಬಹುದೆಂದು ಹಟ ಹಿಡಿದವರು ಮೈಸೂರು ಸರ್ಕಾರದ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೆ. ಬೆನ್ನಿಗೆ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯವು. ಇಷ್ಟು ವಿದ್ಯುತ್ತನ್ನು ಕೊಳ್ಳುವವರು ಯಾರು? ಕೋಲಾರದ ಚಿನ್ನದ ಗಣಿ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನಡೆಸುತ್ತಿದ್ದ ಗಣಿಗಳಿಗೆ ಕಲ್ಲು ಕುಟ್ಟಲು, ನೀರೆತ್ತಲು ಶಕ್ತಿ ಬೇಕಿತ್ತು. ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಮಾರ್ಗಗಳ ಸಾಲಿಗೆ ಸೇರಿದ್ದ ತಂತಿ ಅದು. 1902ರ ಜೂನ್ ಕೊನೆಗೆ ಕೋಲಾರಕ್ಕೆ ವಿದ್ಯುತ್ ಮುಟ್ಟಿತು. ಶೇಷಾದ್ರಿ ಅಯ್ಯರ್ ಅದನ್ನು ಕಾಣಲಿಲ್ಲ, 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು.

ಕೋಲಾರಕ್ಕೆ ಹೋದ ತಂತಿ ಬೆಂಗಳೂರನ್ನು ಒಂದು ಮಗ್ಗುಲಿಗೆ ಬಿಟ್ಟು ಸಾಗಿತ್ತು. ಭೂಮಿಯೊಳಗಿನ ಸುರಂಗಕ್ಕೆ ಕಾವೇರಿಯ ಶಕ್ತಿ ಹೋಯಿತು, ಮೇಲಿದ್ದ ಊರಿನ ಬೀದಿಯಲ್ಲಿ ಕಂದೀಲು ಉಳಿಯಿತು. ಮೂರು ವರ್ಷ ಹೀಗೇ ನಡೆಯಿತು. ಸಂಜೆಯಾದರೆ ನಗರಸಭೆಯ ಆಳು ಏಣಿ ಹೊತ್ತು ಬಂದು ಗಾಜು ಒರೆಸಿ, ಎಣ್ಣೆ ಸುರಿದು, ಬತ್ತಿ ಹಚ್ಚಿ ಮುಂದಿನ ಕಂಬಕ್ಕೆ ಹೋಗಬೇಕು. ಹಳೆಯ ಬೀಡು ಕಬ್ಬಿಣದ ದೀಪಗಂಬ ಎಲ್ಲಾದರೂ ಕಂಡರೆ ಲಾಂದ್ರದ ಕೆಳಗೆ ನೋಡಿ, ಎರಡೂ ಕಡೆ ಚಾಚಿದ ಗೇಣುದ್ದದ ಅಡ್ಡಕೋಲು ಇರುತ್ತದೆ. ಹಲವರು ಅದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ಅದು ಆ ಆಳಿನ ಏಣಿ ಜಾರದಂತೆ ಆನಿಸಲು ಮಾಡಿದ್ದು. ಆತನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ, ಏಣಿಯ ಜಾಗ ಮಾತ್ರ ಕಬ್ಬಿಣದಲ್ಲಿ ಉಳಿದಿದೆ. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ವಿದ್ಯುತ್ ಬಂತು.

ಈ ಕಥೆ ಓದಿದಾಗ ನನಗೆ ನೆನಪಾದದ್ದು ನಮ್ಮ ಮುನಿರಾಬಾದ್. 1945ರ ಫೆಬ್ರವರಿ 28ರಂದು ತುಂಗಭದ್ರೆಗೆ ಎರಡು ದಂಡೆಯಲ್ಲೂ ಅಡಿಗಲ್ಲು ಬಿತ್ತು. ಒಂದು ದಂಡೆ ಮದ್ರಾಸಿನದು, ನಮ್ಮದು ನಿಜಾಮರ ಹೈದರಾಬಾದಿನದು. ಬಲದಂಡೆಯ ವಿದ್ಯುದಾಗಾರ 1957ರಲ್ಲಿ ಶುರುವಾಯಿತು. ಎಡದಂಡೆಯ ಮುನಿರಾಬಾದಿನಲ್ಲಿ ಯಂತ್ರ ತಿರುಗಿದ್ದು 1962ರಲ್ಲಿ, ಕಾಲುವೆಗೆ ಬಿಡುವ ನೀರಿನಿಂದಲೇ. ಮೂರನೆಯ ಯಂತ್ರವೂ ಸೇರಿ ಒಟ್ಟು 28 ಮೆಗಾವ್ಯಾಟ್. ಆಣೆಕಟ್ಟು ನಮ್ಮ ಮಗ್ಗುಲಲ್ಲೇ ಇತ್ತು. ಆದರೂ ನನ್ನ ಓಣಿಗೆ ಬಲ್ಬು ಬಂದದ್ದು ನಾನು ಮೂರನೇ ಕ್ಲಾಸಿಗೆ ಬಂದ ಮೇಲೆ. ಅದಕ್ಕೂ ಮೊದಲು ಹೊಲದ ದಾರಿಯಲ್ಲಿ ಅಪ್ಪ ದೊಡ್ಡ ಕಂಬಗಳನ್ನು ತೋರಿಸಿ “ಕರೆಂಟು ಅದರಾಗ ಹೊಂಟೈತಿ ನೋಡು” ಅನ್ನುತ್ತಿದ್ದರು. ಆ ಕರೆಂಟು ಎಲ್ಲಿಗೆ ಹೊರಟಿದೆ ಎಂದು ಕೇಳುವ ವಯಸ್ಸು ನನ್ನದಾಗಿರಲಿಲ್ಲ.

ಕರೆಂಟಿಗೂ ಮೊದಲು ನಮ್ಮ ಭಾಗದ ಬೀದಿ ಬೆಳಕೆಂದರೆ ಗುಡಿಯ ಮುಂದಿನ ದೀಪಮಾಲೆ ಕಂಬ, ಮೆರವಣಿಗೆಯ ದೀವಟಿಗೆ, ಹಿಲಾಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಮಹಾನವಮಿಯ ರಾತ್ರಿ ಪಂಜುಗಳ ಬೆಳಕಿನಲ್ಲಿ ಅಂಗಳ ಹಗಲಿನಂತಿತ್ತು ಎಂದು ಬರೆದಿಟ್ಟಿದ್ದಾನೆ. ಆಮೇಲೆ ಬಂದದ್ದು ಗ್ಯಾಸ್ ಬತ್ತಿ. ಹೆಸರಿಗೆ ಗ್ಯಾಸ್, ಹಾಕುವುದು ಚಿಮಣಿ ಎಣ್ಣಿ. ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸ್ ಎಂಬವರು ರೂಪಿಸಿದ್ದರಿಂದ ಪೆಟ್ರೋಲಿಯಂ ಜೊತೆ ಮ್ಯಾಕ್ಸ್ ಸೇರಿ ಪೆಟ್ರೋಮ್ಯಾಕ್ಸ್ ಆಯಿತು. ಜಾತ್ರೆ, ಮದುವೆ, ಬಯಲಾಟ, ಎಲ್ಲಕ್ಕೂ ಅದೇ. ನಡುರಾತ್ರಿ ಬೆಳಕು ಮಂಕಾದರೆ ಪಂಪು ಹೊಡೆಯುವವನು ಅಟ್ಟ ಹತ್ತುತ್ತಿದ್ದ, ಬೆಳಕು ಏರುವವರೆಗೂ ಪಾತ್ರಧಾರಿಗಳು ಗದೆ ಇಳಿಸಿ ನಿಂತಿರುತ್ತಿದ್ದರು.

ಅದರ ಮ್ಯಾಂಟಲ್ ಕಥೆ ಇನ್ನೂ ಸೊಗಸು. ಆಸ್ಟ್ರಿಯದ ರಸಾಯನ ವಿಜ್ಞಾನಿ ಔವರ್ ಫಾನ್ ವೆಲ್ಸ್‌ಬಾಕ್ ಶೇಕಡಾ 99ರಷ್ಟು ಥೋರಿಯಂ, ಒಂದರಷ್ಟು ಸೀರಿಯಂ ಬೆರೆಸಿದ ಲವಣದಲ್ಲಿ ನೂಲಿನ ಚೀಲ ಅದ್ದಿದರು. ಮೊದಲ ಸಲ ಹಚ್ಚಿದಾಗ ನೂಲು ಸುಟ್ಟುಹೋಗುತ್ತದೆ, ಉಳಿದ ಬೂದಿಯ ಬಲೆಯೇ ಬಿಸಿಗೆ ಬೆಳ್ಳಗೆ ಬೆಳಗುತ್ತದೆ. ಬೆರಳು ತಗುಲಿದರೆ ಉದುರಿತು. ಆ ಥೋರಿಯಂ ಹುಡುಕಿಕೊಂಡು ಜರ್ಮನಿಯವರು ತಿರುವಾಂಕೂರಿನ ಕಡಲ ಮರಳಿಗೆ ಬಂದದ್ದು 1909ರಲ್ಲಿ. ಅಂದರೆ ಜಗತ್ತಿನ ಎಷ್ಟೋ ಬೀದಿಗಳಲ್ಲಿ ಬೆಳಗಿದ್ದು ನಮ್ಮ ತೆಂಕಣ ಕರಾವಳಿಯ ಮರಳು.

ಗುಜರಿಯಿಂದ ತಂದ ಛತ್ರಿಗೆ ಮರಳಿ ಜೀವ ಕೊಡಲು ನನಗೆ ಎಂಟು ತಿಂಗಳು ಹಿಡಿಯಿತು. ಪಿಂಗಾಣಿ ಲೇಪವೆಂದರೆ ಬಣ್ಣವಲ್ಲ, ತಗಡಿನ ಮೇಲೆ ಕುಲುಮೆಯ ಶಾಖದಲ್ಲಿ ಕರಗಿಸಿ ಕೂಡಿಸಿದ ಗಾಜು. ಉಜ್ಜುಕಾಗದ ಹಾಕಿದರೆ ಹೊಳಪು ಸತ್ತುಹೋಗುತ್ತದೆ. ಸಾಬೂನು ನೀರು, ಮೆತ್ತನೆ ಬಟ್ಟೆ, ತಾಳ್ಮೆ, ಇಷ್ಟೇ. ಲೇಪ ಹಾರಿದಲ್ಲಿ ತುಕ್ಕು ಕೆರೆದು ಅಸ್ತರು ಬಣ್ಣ ಹಚ್ಚಿದೆ. ಆ ಕಲೆಗಳನ್ನು ಮರೆಮಾಡಲಿಲ್ಲ, ಅವು ಅದು ಕಂಡ ಆಲಿಕಲ್ಲು ಮಳೆಯ ಗುರುತು. ಬಟ್ಟೆ ಸುತ್ತಿದ ಹಳೆ ವೈರು ಪುಡಿಪುಡಿಯಾಗಿತ್ತು, ಅದನ್ನು ಕಿತ್ತು ಹೊಸದು ಹಾಕಿದೆ. ಪಿಂಗಾಣಿ ಹೋಲ್ಡರ್ ಗಟ್ಟಿಯಾಗಿತ್ತು. ಬೀಡಿನ ಕಂಬವಾಗಿದ್ದರೆ ಕೆಲಸ ಬೇರೆ. ಬೀಡು ಬಿರುಕು ಬಿಟ್ಟರೆ ಸಾದಾ ವೆಲ್ಡಿಂಗ್ ನಿಲ್ಲುವುದಿಲ್ಲ. ಮೊದಲೇ ಕಾಯಿಸಿ, ನಿಕ್ಕಲ್ ರಾಡಿನಲ್ಲಿ ಬೆಸೆದು, ಮೆಲ್ಲಗೆ ಆರಲು ಬಿಡಬೇಕು. ಅವಸರ ಮಾಡಿದರೆ ಪಕ್ಕದಲ್ಲೇ ಮತ್ತೊಂದು ಬಿರುಕು.

ಬಲ್ಬು ಹೋಗಿ ಟ್ಯೂಬ್‌ಲೈಟ್ ಬಂತು, ಆಮೇಲೆ ಸೋಡಿಯಂ ದೀಪದ ಹಳದಿ ಬೆಳಕು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬೀದಿ ದೀಪಗಳನ್ನೆಲ್ಲ ಎಲ್‌ಇಡಿಗೆ ಬದಲಿಸುವ ಯೋಜನೆ ತಂದಿತು. ಕರೆಂಟು ಉಳಿಯಿತು, ಪಂಚಾಯಿತಿಗಳ ಬಿಲ್ಲು ತಗ್ಗಿತು. ಅದರ ಬಗ್ಗೆ ನನ್ನ ತಕರಾರಿಲ್ಲ. ಇಳಿಸಿದ ಹಳೆಯ ದೀಪಗಳಲ್ಲಿ ಊರಿಗೊಂದನ್ನಾದರೂ ತೆಗೆದಿಡಬೇಕಿತ್ತು ಎಂಬುದೊಂದೇ ನನ್ನ ಸಂಕಟ. ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂದು ಹೇಳಿಕೊಳ್ಳುತ್ತೇವೆ. ಕನಕಾಚಲಪತಿ ಗುಡಿಯ ಕಲ್ಲುಕಂಬಗಳಿಗೆ ನೋಡುವವರಿದ್ದಾರೆ, ಓಣಿಯ ಕಬ್ಬಿಣದ ಕಂಬಕ್ಕೆ ಯಾರೂ ಇಲ್ಲ. ಮೈಸೂರು ಅರಮನೆಯಲ್ಲಿ ಸುಮಾರು ಒಂದು ಲಕ್ಷ ಬಲ್ಬು ಹೊತ್ತುವುದನ್ನು ನೋಡಲು ಜನ ಮುಗಿಬೀಳುತ್ತಾರೆ. ನಮ್ಮ ತಿರುವಿನ ಒಂದೇ ಬಲ್ಬಿನ ಕೆಳಗೆ ನಾಲ್ಕು ಹುಡುಗರು ಮಗ್ಗಿ ಕಲಿತದ್ದಕ್ಕೆ ಗುರುತೇ ಉಳಿದಿಲ್ಲ.

ಛತ್ರಿ ಈಗ ನಮ್ಮ ಮನೆಯ ಕಟ್ಟೆಯ ಮೇಲೆ ತೂಗುತ್ತಿದೆ, ದಿನಾ ಸಂಜೆ ಹಚ್ಚುತ್ತೇನೆ. ಆದರೆ ಅದನ್ನು ಕಂಬಕ್ಕೆ ಹಿಡಿದಿಡುತ್ತಿದ್ದ, ಕೊಕ್ಕರೆಯ ಕತ್ತಿನಂತೆ ಬಾಗಿದ ಪೈಪು ಇನ್ನೂ ಸಿಕ್ಕಿಲ್ಲ. ಮುಕ್ಕಾಲು ಇಂಚಿನದು, ತುದಿಯಲ್ಲಿ ಮರೆ ಕೊರೆದಿರುತ್ತದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಹಳೆ ಮನೆಗಳ ಅಟ್ಟದಲ್ಲೋ ದನದ ಕೊಟ್ಟಿಗೆಯ ಸೂರಿನಲ್ಲೋ ಒಂದು ಇದ್ದೇ ಇರುತ್ತದೆ. ಕಂಡರೆ ಗುಜರಿಗೆ ಹಾಕಬೇಡಿ.