ಗಿಡ್ಡ ಕೂದಲಿಗೂ ಚೆಂದದ ಜಡೆ

ಮೈಲಾಂಜಿ ರಾತ್ರಿ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಬಟ್ಟೆ, ಚಿನ್ನದ ಮಾತು ಮುಗಿದ ಮೇಲೆ ಶುರುವಾಗುವುದು ತಲೆಗೂದಲಿನ ಮಾತು. ಕಳೆದ ವರ್ಷ ನಮ್ಮ ಸಂಬಂಧಿ ಹುಡುಗಿಯೊಬ್ಬಳಿಗೆ ಟೈಫಾಯ್ಡ್ ಬಂದಿತ್ತು. ಜ್ವರ ಬಿಟ್ಟು ಎರಡು-ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಉದುರಿತು. ಕೊನೆಗೆ ಹೆಗಲಿಗಿಂತ ಮೇಲಕ್ಕೆ ಕತ್ತರಿಸಬೇಕಾಯಿತು. ಮದುವೆಗೆ ತಿಂಗಳೂ ಇರಲಿಲ್ಲ. "ಚವರಿ ಇಟ್ಟು ಉದ್ದ ಜಡೆ ಹಾಕಿದ್ರೆ ಯಾರಿಗೆ ಗೊತ್ತಾಗ್ತದೆ?" ಎಂದರು ಬಂದವರು. ಹುಡುಗಿ ಮಾತ್ರ "ಬೇಡ ಉಮ್ಮಾ" ಅಂದಳು.

ಅವಳು ಬೇಡ ಅಂದದ್ದಕ್ಕೆ ಆಧಾರವಿದೆ. ಕಾಯಿಲೆಯಿಂದ ಕೂದಲು ಉದುರಿದ ಮದುಮಗಳಿಗೆ ಬೇರೆ ಕೂದಲು ಸೇರಿಸಬಹುದೇ ಎಂದು ತಾಯಿಯೊಬ್ಬರು ಪ್ರವಾದಿ(ಸ)ಯವರಲ್ಲಿ ಕೇಳಿದ್ದು, ಅವರು ಅದಕ್ಕೆ ಒಪ್ಪದೇ ಇದ್ದದ್ದು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಆದರೆ ಕೂದಲಿನಂತೆ ಕಾಣದ ಬಣ್ಣದ ರೇಷ್ಮೆ ನೂಲು ಕಟ್ಟುವುದು ಬರೇ ಅಲಂಕಾರ, ಅದು ಈ ನಿಷೇಧದೊಳಗೆ ಬರುವುದಿಲ್ಲ ಎಂಬ ಖಾಝಿ ಇಯಾಝ್ ಅವರ ಮಾತನ್ನು ಇಮಾಂ ನವವಿ ತಮ್ಮ ವ್ಯಾಖ್ಯಾನದಲ್ಲಿ ಕೊಟ್ಟಿದ್ದಾರೆ.

ಹಾಗಾಗಿ ಇದ್ದ ಕೂದಲಲ್ಲೇ ಜಡೆ ಹಾಕಿದೆವು. ನಾಲ್ಕೈದು ಇಂಚು ಉದ್ದವಿದ್ದರೆ ಸಾಕು. ಓರೆ ಬೈತಲೆ ತೆಗೆದು, ಹಣೆಯ ಬದಿಯಿಂದ ಮೂರು ಸಣ್ಣ ಎಳೆ ಹಿಡಿಯಿರಿ. ಪ್ರತಿ ಸುತ್ತಿಗೂ ಪಕ್ಕದ ಸ್ವಲ್ಪ ಕೂದಲು ಸೇರಿಸುತ್ತಾ ಕಿವಿಯ ಹಿಂದಿನವರೆಗೆ ಹೆಣೆಯಿರಿ. ಎಳೆಯನ್ನು ಮೇಲಿನಿಂದ ದಾಟಿಸುವ ಬದಲು ಅಡಿಯಿಂದ ದಾಟಿಸಿದರೆ ಜಡೆ ಉಬ್ಬಿ ನಿಲ್ಲುತ್ತದೆ, ತೆಳು ಕೂದಲೂ ದಪ್ಪ ಕಾಣುತ್ತದೆ. ಒಂದು ಎಳೆಯ ಜೊತೆ ಕೆಂಪು ಅಥವಾ ಹಸಿರು ರೇಷ್ಮೆ ನೂಲು ಸೇರಿಸಿ. ತುದಿಗೆ ಸಣ್ಣ ರಬ್ಬರ್ ಬ್ಯಾಂಡ್, ಅದು ಕಾಣದ ಹಾಗೆ ಎರಡು ಪಿನ್ನು. ಅಟ್ಟೆಗಟ್ಟಲೆ ಮಲ್ಲಿಗೆ ಬೇಡ, ಭಾರಕ್ಕೆ ಜಡೆ ಜಾರುತ್ತದೆ. ಒಂದು ತುಂಡು ಸಾಕು.

ಕೆಲವು ಎಚ್ಚರಿಕೆ. ಒದ್ದೆ ಕೂದಲು ಬೇಗ ತುಂಡಾಗುತ್ತದೆ, ಒಣಗಿದ ಮೇಲೆಯೇ ಹೆಣೆಯಿರಿ. ಬಿಗಿಯಾಗಿ ಎಳೆಯಬೇಡಿ. ದಿನಾ ಎಳೆದು ಕಟ್ಟಿದರೆ ಹಣೆಯ ಬದಿಯ ಕೂದಲು ಶಾಶ್ವತವಾಗಿ ಹೋಗುವುದೂ ಉಂಟು. ಮಲಗುವ ಮುನ್ನ ಬಿಚ್ಚಿಬಿಡಿ. ನೀರು ಒಳಗೆ ತಲುಪದಷ್ಟು ಬಿಗಿಯಿದ್ದರೆ ಕಡ್ಡಾಯ ಸ್ನಾನಕ್ಕೂ ಬಿಚ್ಚಲೇಬೇಕು. ಜ್ವರದ ನಂತರ ಉದುರಿದ ಕೂದಲು ಹೆಚ್ಚಾಗಿ ತಾನಾಗಿಯೇ ಬರುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 6 ತಿಂಗಳಾದರೂ ಉದುರುವುದು ನಿಲ್ಲದಿದ್ದರೆ ಚರ್ಮ ವೈದ್ಯರಿಗೆ ತೋರಿಸಿ.

ಆ ರಾತ್ರಿ ಹುಡುಗಿಗೆ ಜಡೆ ಹಾಕಿದ್ದು ಅವಳ ಉಮ್ಮನೇ. ಈಗ ಅವಳ ಕೂದಲು ಹೆಗಲು ದಾಟಿದೆ. ಮದುವೆ ಮನೆಗೆ ಹೋದಾಗ "ಕೂದಲೆಲ್ಲ ಎಲ್ಲಿ ಹೋಯ್ತು ಮೋಳೇ?" ಎಂದು ಕೇಳುವುದನ್ನು ನಾವು ಬಿಟ್ಟರೆ, ಇಂಥ ಎಷ್ಟೋ ಹುಡುಗಿಯರು ನೆಮ್ಮದಿಯಿಂದ ಮೈಲಾಂಜಿಗೆ ಕೂರುತ್ತಾರೆ.