ಕ್ಲಚ್ಚು ಜಾರುವುದು: ಅದನ್ನು ಗುರುತಿಸುವ ಬಗೆ

ಬೇಲೂರು ಹಳೇಬೀಡುಗಳ ದಾರಿಯಲ್ಲಿ ಬಾಡಿಗೆ ಕಾರುಗಳ ಓಡಾಟ ವರ್ಷವಿಡೀ ಇದ್ದೇ ಇರುತ್ತದೆ. 2023 ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೊಯ್ಸಳೇಶ್ವರನ ಗುಡಿಯನ್ನು ನೋಡಿದವರು ಬಸ್ತಿಹಳ್ಳಿಯ ಬಸದಿಗಳಿಗೂ ಬರುತ್ತಾರೆ. ಅಲ್ಲಿಂದ ಹಲವರು ಚಿಕ್ಕಮಗಳೂರಿನ ಮೇಲೆ ಹಾಯ್ದು ಮುಳ್ಳಯ್ಯನಗಿರಿಯತ್ತ ಹೊರಡುತ್ತಾರೆ. ಹಳೇಬೀಡಿನ ಬಯಲಿನಲ್ಲಿ ಸರಾಗವಾಗಿ ಓಡಿದ ಕಾರು ಆ ಗಿರಿಯ ಏರಿನಲ್ಲಿ ಒಮ್ಮೊಮ್ಮೆ ಮೊಂಡು ಹಿಡಿಯುವುದುಂಟು. ಎಂಜಿನ್ನು ಭೋರ್ಗರೆಯುತ್ತದೆ, ಗಾಡಿ ಮಾತ್ರ ಮುಂದೆ ಸಾಗದು. ಹಳೆಯ ಕಾರೊಂದನ್ನು ಸಾಲಮಾಡಿ ಕೊಂಡು, ಅದರ ಬಾಡಿಗೆಯಿಂದಲೇ ಮನೆ ನಡೆಸುವ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ. ಕ್ಲಚ್ಚನ್ನು ಬದಲಾಯಿಸಬೇಕಾದರೆ ಸಾಮಾನ್ಯವಾಗಿ ಗೇರುಪೆಟ್ಟಿಗೆಯನ್ನೇ ಕೆಳಗಿಳಿಸಬೇಕು. ಕೆಡದ ಕ್ಲಚ್ಚನ್ನು ಬಿಚ್ಚಿಸಿದರೆ ಹಣ ವ್ಯರ್ಥ. ಕೆಟ್ಟುದನ್ನು ಕಡೆಗಣಿಸಿದರೆ ನಡುದಾರಿಯಲ್ಲಿ ನಿಲ್ಲುವ ಪಾಡು.

ಕಲಾ ವಿಭಾಗದ ವಿದ್ಯಾರ್ಥಿಗೆ ಯಂತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯಿದೆಯೆಂದು ಊಹಿಸುವುದನ್ನು ತರ್ಕಶಾಸ್ತ್ರ ನಮಗೆ ಕಲಿಸುತ್ತದೆ. ಲಕ್ಷಣದಿಂದ ಕಾರಣವನ್ನು ಹುಡುಕುವ ಈ ವಿದ್ಯೆಗೆ ಕ್ಲಚ್ಚಿಗಿಂತ ಒಳ್ಳೆಯ ಪಾಠ ಸಿಗುವುದು ಅಪರೂಪ.

ಎಂಜಿನ್ನು ತಿರುಗುವಾಗ ಅದರ ಕೊನೆಯಲ್ಲಿರುವ ಫ್ಲೈವೀಲು ಎಂಬ ಭಾರವಾದ ಚಕ್ರವೂ ತಿರುಗುತ್ತದೆ. ಅದಕ್ಕೆ ಎದುರಾಗಿ, ಎರಡು ಮಗ್ಗುಲಲ್ಲಿಯೂ ಒರಟು ಪದರವಿರುವ ಒಂದು ತಟ್ಟೆಯಿದೆ. ಇದೇ ಕ್ಲಚ್ ಪ್ಲೇಟು. ಇದು ಗೇರುಪೆಟ್ಟಿಗೆಯ ದಂಡಕ್ಕೆ ಜೋಡಣೆಯಾಗಿರುತ್ತದೆ. ಇದರ ಹಿಂದಿರುವ ಪ್ರೆಷರ್ ಪ್ಲೇಟನ್ನು ಬಲವಾದ ಸ್ಪ್ರಿಂಗು ಒತ್ತಿ ಹಿಡಿಯುತ್ತದೆ. ಹೀಗೆ ನಡುವಿನ ತಟ್ಟೆ ಇಕ್ಕುಳದಲ್ಲಿ ಸಿಕ್ಕಿದಂತಾಗಿ ಫ್ಲೈವೀಲಿನೊಡನೆ ತಾನೂ ತಿರುಗುತ್ತದೆ. ನಾವು ಪೆಡಲನ್ನು ತುಳಿದಾಗ ಈ ಹಿಡಿತ ಸಡಿಲುತ್ತದೆ; ಬಿಟ್ಟಾಗ ಮತ್ತೆ ಬಿಗಿಯುತ್ತದೆ. ಎಂಜಿನ್ನಿನ ಸಮಸ್ತ ಬಲವೂ ಗಾಲಿಯನ್ನು ಸೇರುವುದು ಈ ಒಂದು ಘರ್ಷಣೆಯ ಮೂಲಕವೇ.

ಹಿಟ್ಟಿನ ಗಿರಣಿಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಬೆಲ್ಟು ಸಡಿಲವಾದರೆ ಮೋಟಾರು ರಭಸದಿಂದ ತಿರುಗುತ್ತಿದ್ದರೂ ಬೀಸುವ ಕಲ್ಲು ಮಂದವಾಗುತ್ತದೆ. ಕಾಳು ಸುರಿಯದೆ ಬರಿದೆ ಓಡಿಸಿದರೆ ದೋಷ ಕಾಣದು. ಕಾಳು ಬಿದ್ದು ಹೊರೆ ಹೆಚ್ಚಿದೊಡನೆ ಬೆಲ್ಟು ಜಾರುತ್ತದೆ. ಕ್ಲಚ್ಚಿನ ಸ್ವಭಾವವೂ ಹೀಗೆಯೇ. ಆದುದರಿಂದಲೇ ಬಯಲಲ್ಲಿ ಅಡಗಿದ್ದ ರೋಗ ಏರಿನಲ್ಲಿ, ತುಂಬಿದ ಗಾಡಿಯಲ್ಲಿ, ಮೇಲಿನ ಗೇರಿನಲ್ಲಿ ಹೊರಬೀಳುತ್ತದೆ.

ಹಾಗಾದರೆ ಜಾರುವುದನ್ನು ಖಚಿತವಾಗಿ ತಿಳಿಯುವುದು ಹೇಗೆ? ಇಲ್ಲಿ ಒಂದೇ ಸೂತ್ರವನ್ನು ನೆನಪಿಟ್ಟರೆ ಸಾಕು. ಗೇರು ಬದಲಾಗದಿರುವಾಗ ಎಂಜಿನ್ನಿನ ಸುತ್ತುಗಳಿಗೂ ಗಾಡಿಯ ವೇಗಕ್ಕೂ ಇರುವ ಪ್ರಮಾಣ ಬದಲಾಗಲಾರದು. ಒಂದು ಕಾರು ನಾಲ್ಕನೆಯ ಗೇರಿನಲ್ಲಿ ಗಂಟೆಗೆ 40 ಕಿಲೋಮೀಟರು ಓಡುವಾಗ ಎಂಜಿನ್ನು ನಿಮಿಷಕ್ಕೆ 1,600 ಸುತ್ತು ತಿರುಗುವುದೆಂದು ಇಟ್ಟುಕೊಳ್ಳೋಣ. 60 ಕಿಲೋಮೀಟರಿಗೆ ಅದು 2,400 ಸುತ್ತು ತಿರುಗಬೇಕು. 40 ರಲ್ಲಿಯೇ ಇದ್ದು ಸುತ್ತು ಮಾತ್ರ 2,400 ಕ್ಕೆ ಏರಿತೆಂದರೆ, ನಡುವೆ ಎಲ್ಲಿಯೋ ಹಿಡಿತ ತಪ್ಪಿದೆ. ಗಾಲಿಗಳು ಕೆಸರಿನಲ್ಲಿ ಸುಮ್ಮನೆ ತಿರುಗದಿದ್ದಲ್ಲಿ ತಪ್ಪು ಕ್ಲಚ್ಚಿನದೇ. ಸುತ್ತು ತೋರಿಸುವ ಮುಳ್ಳಿಲ್ಲದ ಗಾಡಿಯಲ್ಲಿ ಚಾಲಕನ ಕಿವಿಯೇ ಮುಳ್ಳು.

ಇದನ್ನು ಪರೀಕ್ಷಿಸಲು ಜನಸಂಚಾರವಿಲ್ಲದ ಸಮನಾದ ರಸ್ತೆಯನ್ನು ಅಥವಾ ಸಣ್ಣ ಏರನ್ನು ಆರಿಸಿಕೊಳ್ಳಬೇಕು. ಮೇಲಿನ ಗೇರಿನಲ್ಲಿ ನಿಧಾನವಾಗಿ ಸಾಗುತ್ತ ಎಕ್ಸಿಲರೇಟರನ್ನು ಚೆನ್ನಾಗಿ ಒತ್ತಬೇಕು. ಸದ್ದೂ ವೇಗವೂ ಜೊತೆಜೊತೆಯಾಗಿ ಏರಿದರೆ ಕ್ಲಚ್ಚು ಹಿಡಿದಿದೆ. ಸದ್ದು ಮುಂದೋಡಿ ವೇಗ ಹಿಂದುಳಿದರೆ ಜಾರುತ್ತಿದೆ. ನಿಂತಲ್ಲಿ ಮಾಡುವ ಪರೀಕ್ಷೆಯೂ ಒಂದಿದೆ. ಗಾಡಿಯ ಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕನ್ನು ಬಿಗಿಯಾಗಿ ಎಳೆದು, ಮೂರನೆಯ ಗೇರಿಗೆ ಹಾಕಿ, ಎಂಜಿನ್ನಿನ ವೇಗವನ್ನು ತುಸು ಏರಿಸಿ, ಪೆಡಲನ್ನು ಮೆಲ್ಲಗೆ ಬಿಡಬೇಕು. ಕ್ಲಚ್ಚು ಗಟ್ಟಿಯಾಗಿದ್ದರೆ ಎಂಜಿನ್ನು ತಡೆಯಲಾರದೆ ನಿಂತುಹೋಗುತ್ತದೆ. ಪೆಡಲು ಪೂರಾ ಮೇಲೆ ಬಂದರೂ, ಗಾಡಿ ಅಲುಗದೆ, ಎಂಜಿನ್ನು ತನ್ನ ಪಾಡಿಗೆ ತಾನು ತಿರುಗುತ್ತಿದ್ದರೆ ಸಂಶಯಕ್ಕೆ ಎಡೆಯಿಲ್ಲ. ಇದನ್ನು ಒಂದು ಬಾರಿಗಿಂತ ಹೆಚ್ಚು ಮಾಡಬಾರದು. ಒಂದೊಂದು ಬಾರಿಯೂ ಪ್ಲೇಟು ಸುಡುತ್ತದೆ. ಈ ಪರೀಕ್ಷೆಯಲ್ಲಿ ಗೆದ್ದ ಕ್ಲಚ್ಚು ಏರಿನಲ್ಲಿ ಸೋಲಬಹುದಾದ್ದರಿಂದ ರಸ್ತೆಯ ಪರೀಕ್ಷೆಯನ್ನು ಬಿಡತಕ್ಕದ್ದಲ್ಲ.

ಕ್ಲಚ್ಚಿನ ಮೇಲೆ ಸುಳ್ಳು ಆರೋಪ ಬರುವ ಸಂದರ್ಭಗಳೂ ಉಂಟು. ಗಾಳಿಯ ಅಥವಾ ಇಂಧನದ ಸೋಸುಕ ಕಟ್ಟಿಕೊಂಡರೆ ಗಾಡಿ ಏರು ಹತ್ತದು. ಆದರೆ ಆಗ ಎಂಜಿನ್ನಿನ ಸದ್ದೂ ಏರುವುದಿಲ್ಲ. ಎರಡೂ ಒಟ್ಟಿಗೆ ಕುಗ್ಗುತ್ತವೆ. ಬ್ರೇಕು ಹಿಡಿದುಕೊಂಡಿದ್ದರೆ ಗಾಡಿ ಭಾರವಾಗುತ್ತದೆ, ಆ ಗಾಲಿಯ ಬಳಿ ಬಿಸಿ ತಿಳಿಯುತ್ತದೆ. ಪೆಡಲು ತುಳಿದರೂ ಗೇರು ಕರಕರನೆ ಸದ್ದುಮಾಡಿ ಬೀಳದಿದ್ದರೆ ಅದು ಜಾರುವ ರೋಗಕ್ಕೆ ನೇರ ವಿರೋಧವಾದುದು: ಅಲ್ಲಿ ಕ್ಲಚ್ಚು ಹಿಡಿಯುತ್ತಿಲ್ಲವೆಂದಲ್ಲ, ಬಿಡುತ್ತಿಲ್ಲವೆಂದರ್ಥ.

ಜಾರುವುದು ನಿಜವಾದ ಮೇಲೆ ಕಾರಣವನ್ನು ಹುಡುಕಬೇಕು. 1699 ರಲ್ಲಿ ಫ್ರಾನ್ಸಿನ ಅಮೊಂಟೋನ್ ಎಂಬ ವಿಜ್ಞಾನಿ ಘರ್ಷಣೆಯ ನಿಯಮಗಳನ್ನು ಪ್ರಕಟಿಸಿದನು. ಒತ್ತುವ ಬಲ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು ಎಂಬುದು ಅವುಗಳಲ್ಲಿ ಮುಖ್ಯವಾದುದು. ಉಳಿದುದೆಲ್ಲ ಮೈಗಳ ಗುಣವನ್ನು ಅವಲಂಬಿಸಿದೆ. ಎಂದಮೇಲೆ ಹಿಡಿತ ತಪ್ಪಲು ಎರಡೇ ದಾರಿ: ಒತ್ತಡ ಕುಗ್ಗಿರಬೇಕು, ಇಲ್ಲವೆ ಮೈ ಕೆಟ್ಟಿರಬೇಕು.

ಒತ್ತಡ ಕುಗ್ಗುವುದಕ್ಕೆ ಸ್ಪ್ರಿಂಗಿನ ದಣಿವು ಒಂದು ಕಾರಣ. ಪ್ಲೇಟಿನ ಪದರ ಸವೆದು ತೆಳುವಾಗುವುದು ಇನ್ನೊಂದು. ಆದರೆ ಇವಕ್ಕಿಂತ ಮೊದಲು ನೋಡಬೇಕಾದುದು ಪೆಡಲಿನ ಕೇಬಲನ್ನು. ಕೇಬಲಿರುವ ಬಹುತೇಕ ಗಾಡಿಗಳಲ್ಲಿ ಪೆಡಲಿಗೆ ತುಸು ಬಿಡುವು ಇರತಕ್ಕದ್ದು. ಪ್ಲೇಟು ಸವೆದಂತೆಲ್ಲ ಆ ಬಿಡುವು ಕಡಮೆಯಾಗುತ್ತದೆ. ಅದು ಪೂರಾ ಇಲ್ಲವಾದಾಗ, ಕಾಲು ತೆಗೆದಿದ್ದರೂ ಯಾರೋ ಪೆಡಲನ್ನು ಮೆಲ್ಲಗೆ ತುಳಿದಿಟ್ಟಂತಾಗುತ್ತದೆ. ಕೇಬಲನ್ನು ಸಡಿಲಿಸಿದರೆ ಒಮ್ಮೊಮ್ಮೆ ಜಾರುವುದು ಅಲ್ಲಿಗೇ ನಿಲ್ಲುವುದುಂಟು. ಇದು ಸ್ಪ್ಯಾನರೊಂದರಿಂದ ಆಗುವ ಕೆಲಸ; ಗೇರುಪೆಟ್ಟಿಗೆ ಇಳಿಸುವ ಮಾತು ಇದಾದ ಮೇಲೆ.

ಮೈ ಕೆಡುವುದಕ್ಕೆ ಎಣ್ಣೆಯೊಂದು ಕಾರಣ. ಎಂಜಿನ್ನಿನ ಹಿಂಬದಿಯ ಅಥವಾ ಗೇರುಪೆಟ್ಟಿಗೆಯ ಸೀಲು ಸೋರಿದರೆ ಪ್ಲೇಟಿಗೆ ಎಣ್ಣೆ ತಗುಲುತ್ತದೆ. ಆಗ ಸೀಲನ್ನು ಸರಿಪಡಿಸದೆ ಪ್ಲೇಟನ್ನಷ್ಟೇ ಬದಲಾಯಿಸಿದರೆ, ಹೊಸ ಪ್ಲೇಟಿಗೂ ಹಳೆಯ ಗತಿಯೇ. ಇನ್ನೊಂದು ಕಾರಣ ಕಾವು. ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು ಗಂಗರಾಜನ ಮಗ ಬೊಪ್ಪನು 1133 ರಲ್ಲಿ ಕಟ್ಟಿಸಿದನು. ಅದರ ಕಂಬಗಳು ಕನ್ನಡಿಯಂತೆ ನುಣುಪಾಗಿದ್ದು ಎದುರು ನಿಂತವರ ನೆರಳನ್ನು ತೋರಿಸುತ್ತವೆ. ಶಿಲೆಗೆ ಅದು ಶೋಭೆ. ಆದರೆ ಕಾವಿನಿಂದ ಕ್ಲಚ್ ಪ್ಲೇಟಿಗೆ ಅಂಥ ಹೊಳಪು ಬಂದರೆ ಅದರ ಕಾಲ ಮುಗಿಯಿತೆಂದೇ ತಿಳಿಯಬೇಕು. ನುಣುಪಾದುದು ಜಾರುತ್ತದೆ, ಜಾರಿದುದು ಕಾಯುತ್ತದೆ, ಕಾದುದು ಮತ್ತಷ್ಟು ನುಣುಪಾಗುತ್ತದೆ. ಸುಟ್ಟ ವಾಸನೆ ಬರುವುದು ಈ ಹಂತದಲ್ಲಿಯೇ. ಆದುದರಿಂದ ಜಾರತೊಡಗಿದ ಕ್ಲಚ್ಚು ತಾನಾಗಿ ಗುಣವಾಗುವುದೆಂದು ಕಾಯುವುದು ಸಲ್ಲದು. ತೀರ ಸವೆದ ಕ್ಲಚ್ಚಿನ ಗಾಡಿಯನ್ನು ಇಳಿಜಾರಿನಲ್ಲಿ ಬರಿಯ ಗೇರನ್ನು ನಂಬಿ ನಿಲ್ಲಿಸುವುದೂ ಅಪಾಯ.

ಕ್ಲಚ್ಚಿನ ಆಯುಸ್ಸು ಬಹುಮಟ್ಟಿಗೆ ಚಾಲಕನ ಎಡಗಾಲಿನಲ್ಲಿದೆ. ಪೆಡಲಿನ ಮೇಲೆ ಸದಾ ಪಾದವೂರುವುದನ್ನೂ, ಏರಿನಲ್ಲಿ ಅರ್ಧ ಕ್ಲಚ್ಚಿನಿಂದ ಗಾಡಿಯನ್ನು ನಿಲ್ಲಿಸಿಕೊಳ್ಳುವುದನ್ನೂ ಬಿಟ್ಟರೆ ಅದು ಬಹುಕಾಲ ಬಾಳುತ್ತದೆ. ಆದರೂ ಸವೆಯತಕ್ಕದ್ದು ಒಂದು ದಿನ ಸವೆದೇ ತೀರುತ್ತದೆ. ಅಂದು ಪ್ಲೇಟಿನೊಡನೆ ಪ್ರೆಷರ್ ಪ್ಲೇಟನ್ನೂ ಬೇರಿಂಗನ್ನೂ ಬದಲಾಯಿಸುವುದು ಲೇಸು. ಏಕೆಂದರೆ ಇಳಿಸಿ ಏರಿಸುವ ಕೂಲಿಯೇ ದೊಡ್ಡದು. ಕಳಚಿದ ಹಳೆಯ ಪ್ಲೇಟನ್ನು ಕೇಳಿ ಪಡೆದು ನೋಡಬೇಕು. ರಿವೆಟ್ಟಿನ ತಲೆಯವರೆಗೂ ಸವೆದಿದೆಯೇ, ಎಣ್ಣೆ ಹಿಡಿದಿದೆಯೇ, ಕಪ್ಪಾಗಿ ಹೊಳೆಯುತ್ತಿದೆಯೇ ಎಂಬುದನ್ನು ಅಕ್ಷರ ಬಾರದವರೂ ಓದಬಲ್ಲರು. ನಮ್ಮ ಊಹೆ ಸರಿಯಾಗಿತ್ತೇ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.