ಕಾಕತಾಳೀಯವೂ ವಿಪರ್ಯಾಸವೂ

ಈಚೆಗೆ ನಮ್ಮಲ್ಲಿ ‘ವಿಪರ್ಯಾಸ’ ಎಂಬ ಮಾತು ಬಹಳ ಅಗ್ಗವಾಗಿದೆ. ಕೊಡೆ ಮರೆತು ಬಂದ ದಿನವೇ ಮಳೆ ಸುರಿದರೆ ವಿಪರ್ಯಾಸ. ಒಂದೇ ಹೆಸರಿನ ಇಬ್ಬರು ಒಂದೇ ಬೆಂಚಿನಲ್ಲಿ ಕುಳಿತರೆ ಅದೂ ವಿಪರ್ಯಾಸ. ನನ್ನ ಅಭಿಪ್ರಾಯದಲ್ಲಿ ಇವೆರಡೂ ವಿಪರ್ಯಾಸಗಳಲ್ಲ, ಬರಿಯ ಕಾಕತಾಳೀಯಗಳು. ಇದು ಪದಗಳ ಜಗಳವಷ್ಟೇ ಎಂದು ವಾಚಕರು ಪುಟ ಮಗುಚಬಾರದೆಂದು ವಿನಂತಿ. ಮುಂದೆ ಇದರಲ್ಲಿ ಊರುಗಳೇ ಮುಳುಗುತ್ತವೆ.

ಕಾಕತಾಳೀಯವೆಂಬ ಪದದಲ್ಲಿಯೇ ಅದರ ಕಥೆಯಿದೆ. ಕಾಗೆ ಬಂದು ತಾಳೆಯ ಮರದ ಮೇಲೆ ಕುಳಿತಿತು. ಅದೇ ಗಳಿಗೆಗೆ ಹಣ್ಣು ಬಿದ್ದಿತು. ಕಾಗೆಯ ಭಾರಕ್ಕೆ ಹಣ್ಣು ಬೀಳಲಿಲ್ಲ, ಹಣ್ಣು ಬೀಳಲೆಂದು ಕಾಗೆ ಕೂರಲೂ ಇಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂದು ನಮ್ಮ ಹಿರಿಯರು ಹೇಳುವುದೂ ಇದನ್ನೇ. ಎರಡು ಸಂಗತಿಗಳು ಕೂಡಿದವು. ಕೂಡಿಸಿದ ಕಾರಣ ಮಾತ್ರ ಇಲ್ಲ.

ನಮ್ಮೂರು ಸೊರಬ ತಾಲ್ಲೂಕಿನ ಉಳವಿ. ಊರಿನ ಹೆಸರು ಹೇಳಿದೊಡನೆ ಹೊರಗಿನವರು, “ಚೆನ್ನಬಸವಣ್ಣನವರು ಐಕ್ಯರಾದ ಉಳವಿಯೆ?” ಎಂದು ಕೈಮುಗಿಯುವಷ್ಟರಲ್ಲಿರುತ್ತಾರೆ. ಆ ಉಳವಿ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನದು. ಹೆಸರು ಒಂದೇ, ಊರು ಬೇರೆ. ಇದರಲ್ಲಿ ಸೋಜಿಗವಿದೆ, ಕೆಲವು ವೇಳೆ ಗೊಂದಲವೂ ಇದೆ, ವಿಪರ್ಯಾಸವಿಲ್ಲ.

ಹಾಗಾದರೆ ವಿಪರ್ಯಾಸವೆಂದರೇನು? ತಿರುವುಮುರುವಾಗುವುದು ಎಂದು ಪದದ ಅರ್ಥ. ಆಂಗ್ಲರು ‘ಐರನಿ’ ಎನ್ನುವುದರಲ್ಲಿ ಇದೂ ಒಂದು ಬಗೆ. ಆ ಪದ ಬಂದದ್ದು ಗ್ರೀಕರ ಹರ್ಷನಾಟಕದ ‘ಐರಾನ್’ ಎಂಬ ಪಾತ್ರದಿಂದ. ಏನೂ ತಿಳಿಯದವನಂತೆ ನಟಿಸಿ ಜಂಬಗಾರನನ್ನು ಬೀಳಿಸುವವನು ಅವನು. ಮಾತಿನ ವ್ಯಂಗ್ಯ ಹೀಗೆ ಹುಟ್ಟಿತು. ಸನ್ನಿವೇಶದ ವಿಪರ್ಯಾಸಕ್ಕೆ ನಮ್ಮ ಭಸ್ಮಾಸುರನಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಯಾರ ತಲೆಯ ಮೇಲೆ ಕೈಯಿಟ್ಟರೂ ಸುಡುವ ವರವನ್ನು ಬೇಡಿ ಪಡೆದವನು, ಆ ಕೈಯಿಂದಲೇ ಸುಟ್ಟುಹೋದ. ಹೊರಗಿನಿಂದ ಸಿಡಿಲು ಬಡಿದು ಸತ್ತಿದ್ದರೆ ಕಥೆಗೆ ಸ್ವಾರಸ್ಯವೇ ಇರುತ್ತಿರಲಿಲ್ಲ. ಉದ್ದೇಶದಿಂದ ಫಲದವರೆಗೆ ಒಂದು ದಾರ ಇರಬೇಕು, ಆ ದಾರ ತಿರುಗಿ ಬಂದು ಹಿಡಿದವನ ಕೊರಳಿಗೇ ಸುತ್ತಿಕೊಳ್ಳಬೇಕು.

ಕೆಲವು ವೇಳೆ ಕಾಕತಾಳೀಯವು ವಿಪರ್ಯಾಸದ ಹೊಟ್ಟೆಯಲ್ಲಿ ಅಡಗಿರುತ್ತದೆ. ಸೊಫೋಕ್ಲಿಸನ ನಾಟಕದ ಈಡಿಪಸ್ ಕವಲುದಾರಿಯಲ್ಲಿ ತಂದೆಗೆ ಎದುರಾದದ್ದು ಆಕಸ್ಮಿಕವೇ. ಆದರೆ ತಂದೆಯನ್ನು ಕೊಲ್ಲುವೆನೆಂಬ ದೈವವಾಣಿಗೆ ಅಂಜಿ, ಸಾಕಿದವರನ್ನೇ ಹೆತ್ತವರೆಂದು ತಿಳಿದು ಕೊರಿಂಥ್ ನಗರವನ್ನು ಬಿಟ್ಟು ಓಡಿದವನು ಅವನು. ತಪ್ಪಿಸಿಕೊಳ್ಳಲು ಹಿಡಿದ ದಾರಿಯೇ ಅವನನ್ನು ಅಲ್ಲಿಗೆ ಮುಟ್ಟಿಸಿತು. ನೋಡುವವರಿಗೆ ಮೊದಲೇ ತಿಳಿದಿರುವ ಈ ಸಂಗತಿ ಅವನೊಬ್ಬನಿಗೆ ತಿಳಿಯದು.

ಪುರಾಣವನ್ನೂ ಗ್ರೀಸ್ ದೇಶವನ್ನೂ ಬಿಟ್ಟು ಸಾಗರದ ಸೀಮೆಗೆ ಬರೋಣ. ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರಕ್ಕೆ ವರ್ಷವಿಡೀ ನೀರೊದಗಿಸಲೆಂದು 1940ರ ದಶಕದಲ್ಲಿ ಮೈಸೂರು ಸಂಸ್ಥಾನದವರು ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದರು. ಮಡೆನೂರು ಅಣೆಕಟ್ಟೆಂದೂ ಅದಕ್ಕೆ ಹೆಸರು. ಇನ್ನೂ ಹೆಚ್ಚು ವಿದ್ಯುತ್ತು ಬೇಕೆಂದು 1964ರಲ್ಲಿ ಅದೇ ನದಿಗೆ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಎದ್ದಿತು. ಅದರ ಹಿನ್ನೀರಿನಲ್ಲಿ ಹಿರೇಭಾಸ್ಕರ ಮುಳುಗಿತು. ನೀರನ್ನು ತಡೆಯಲೆಂದು ಕಟ್ಟಿದ್ದೇ ನೀರಿನ ತಳ ಸೇರಿತು. ಕಡುಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಅದು ತಲೆಯೆತ್ತುತ್ತದೆ, ಜನ ನೋಡಲು ಹೋಗುತ್ತಾರೆ. ಕಲ್ಲಿನ ಕಟ್ಟಡವಾದ್ದರಿಂದ ಇದನ್ನು ನಗುತ್ತಲೇ ಹೇಳಬಹುದು.

ಮನುಷ್ಯರ ವಿಷಯದಲ್ಲಿ ನಗು ಬರುವುದಿಲ್ಲ. ನಾಡಿಗೆ ಬೆಳಕಾಗಲೆಂದು ಗದ್ದೆ, ತೋಟ, ಮನೆ, ದೇವಸ್ಥಾನಗಳನ್ನು ನೀರಿಗೆ ಬಿಟ್ಟ ಸಾವಿರಾರು ಕುಟುಂಬಗಳು ಶಿವಮೊಗ್ಗ ಜಿಲ್ಲೆಯ ಕಾಡಿನಂಚುಗಳಲ್ಲಿ ನೆಲೆಸಬೇಕಾಯಿತು. ಶರಾವತಿಯ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗುತ್ತಿದ್ದಾಗ ಇಂಥ ಎಷ್ಟೋ ಮನೆಗಳಲ್ಲಿ ಸೀಮೆಎಣ್ಣೆಯ ಬುಡ್ಡಿಯೇ ದೀಪವಾಗಿತ್ತು. ಐವತ್ತು ವರ್ಷಗಳು ಕಳೆದ ಮೇಲೂ ಭೂಮಿಯ ಹಕ್ಕುಪತ್ರಕ್ಕಾಗಿ ಹೋರಾಟಗಳು ನಡೆದಿವೆ. ಇದನ್ನು ಗ್ರಹಚಾರವೆನ್ನುವವರಿದ್ದಾರೆ. ‘ಅವರಿಗೆ ಹಾಗಾಯಿತು’ ಎಂಬಂತೆ ಮಾತನಾಡುವುದನ್ನು ನಾನು ಕೇಳಿದ್ದೇನೆ. ಅದು ಕಾಗೆಯ ಕಥೆಯ ಧಾಟಿ. ಕಾಗೆಯನ್ನು ಯಾರೂ ಪ್ರಶ್ನಿಸಲಾರರು. ಇಲ್ಲಿಯಾದರೋ ನಕ್ಷೆ ಬರೆದವರಿದ್ದರು, ಸಹಿ ಮಾಡಿದವರಿದ್ದರು, ತಂತಿಯನ್ನು ಯಾವ ಕಡೆಗೆ ಎಳೆಯಬೇಕೆಂದು ತೀರ್ಮಾನಿಸಿದವರಿದ್ದರು. ವಿಪರ್ಯಾಸವೆಂದು ಕರೆದಾಗ ಈ ದಾರ ಕಣ್ಣಿಗೆ ಬೀಳುತ್ತದೆ. ಕಾಕತಾಳೀಯವೆಂದಾಗ ಅದು ಕಾಣೆಯಾಗುತ್ತದೆ.

ಇನ್ನೊಂದು ಸ್ವಾರಸ್ಯವನ್ನು ಹೇಳದೆ ಮುಗಿಸಲಾರೆ. ಜೋಯಿಡಾ ತಾಲ್ಲೂಕಿಗೆ ಮೊದಲು ಸೂಪಾ ಎಂಬ ಹೆಸರಿತ್ತು. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಸೂಪಾ ಪಟ್ಟಣ ಮುಳುಗಿ, ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು. ಎರಡು ಉಳವಿಗಳು, ಎರಡಕ್ಕೂ ಮುಳುಗಿದ ನೆರೆಹೊರೆ! ಹೆಸರು ‘ಉಳಿವು’ ಎಂದಂತೆ ಬೇರೆ ಕೇಳಿಸುತ್ತದೆ. ಮೊದಲ ನೋಟಕ್ಕೆ ಇದು ಕಾಕತಾಳೀಯದ ಪರಾಕಾಷ್ಠೆ. ಆದರೆ ಶರಾವತಿ, ಕಾಳಿ ಎರಡೂ ಮಳೆಯ ನಾಡಿನಲ್ಲಿ ಹುಟ್ಟಿ, ಸ್ವಲ್ಪ ದೂರದಲ್ಲಿಯೇ ಘಟ್ಟದಿಂದ ಕಡಿದಾಗಿ ಇಳಿದು ಪಡುಗಡಲನ್ನು ಸೇರುವ ನದಿಗಳು. ವಿದ್ಯುತ್ತನ್ನು ಹುಡುಕುವ ಇಂಜಿನಿಯರನು ಎರಡಕ್ಕೂ ಬಂದೇ ಬರುತ್ತಾನೆ. ಹೆಸರಿನ ಮಟ್ಟಿಗೆ ಮಾತ್ರ ಕಾಗೆಯನ್ನು ಕೂರಿಸಿಕೊಳ್ಳಬಹುದು.